ಕೈ ಕಟ್ಟಿ ನಿಂತವನ ಹೇಳಿಕೆ

ನನ್ನ ಸರ್ಕಾರಿ ನೌಕರಿಯಲ್ಲಿ ನಾನು ಬರೆದುಕೊಂಡ ಹೇಳಿಕೆಗಳಲ್ಲೆಲ್ಲ ಚಿಕ್ಕದು ಮೂರೇ ಪದಗಳದು: ‘ಆಪಾದಿತನು ಏನೂ ಹೇಳಲಿಲ್ಲ.’ ಅಕ್ಷರ ದುಂಡಗಿತ್ತು, ಮಸಿ ಕಪ್ಪಗಿತ್ತು, ತಾರೀಖು ಸರಿಯಾಗಿತ್ತು. ಹೇಳಿಕೆಯೊಂದು ಮಾತ್ರ ತಪ್ಪಾಗಿತ್ತು.

ಆಗ ನಾನು ಚನ್ನಗಿರಿ ತಾಲ್ಲೂಕು ಕಚೇರಿಯಲ್ಲಿ ಮ್ಯಾಜಿಸ್ಟ್ರೇಟ್ ಗುಮಾಸ್ತ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಮಲ್ದಾರರೇ ಮ್ಯಾಜಿಸ್ಟ್ರೇಟರೂ ಆಗಿದ್ದ ಕಾಲ ಅದು. ಬೆಳಿಗ್ಗೆ ಕಂದಾಯ ಕೇಳುತ್ತಿದ್ದ ಅಮಲ್ದಾರರು ಮಧ್ಯಾಹ್ನ ಊಟ ಮುಗಿಸಿ ಬಂದು, ಅದೇ ಕುರ್ಚಿಯಲ್ಲಿ, ಅದೇ ರುಮಾಲಿನಲ್ಲಿ, ಕೋಟಿನ ಗುಂಡಿ ಒಂದನ್ನು ಮಾತ್ರ ಹೆಚ್ಚಿಗೆ ಹಾಕಿಕೊಂಡು ಮ್ಯಾಜಿಸ್ಟ್ರೇಟರಾಗುತ್ತಿದ್ದರು. ಆಡಳಿತಕ್ಕೂ ನ್ಯಾಯಕ್ಕೂ ನಡುವೆ ನಮ್ಮ ತಾಲ್ಲೂಕಿನಲ್ಲಿ ಇದ್ದ ಅಂತರ ಆ ಒಂದು ಗುಂಡಿಯಷ್ಟು. ಸೆಖೆಗಾಲದಲ್ಲಿ ಅದೂ ಬಿಚ್ಚಿರುತ್ತಿತ್ತು.

ಕಿವಿ ಕೇಳದವರ ವಿಷಯದಲ್ಲಿ ನನಗೆ ಮುಂಚೆಯೇ ಅನುಭವವಿತ್ತು ಎನ್ನಬೇಕು, ಅದು ಹೆಮ್ಮೆಪಡುವಂಥದ್ದಲ್ಲದಿದ್ದರೂ. ಚನ್ನಗಿರಿಗೆ ಬರುವ ಮೊದಲು ಜಗಳೂರಿನಲ್ಲಿದ್ದೆ. ಅಲ್ಲಿ ಕಂಬಳಿ ನೇಯುವ ಒಬ್ಬ ಕಿವುಡನ ಮೊಕದ್ದಮೆ ಬಂತು. ಕ್ರಮ ಏನೆಂದರೆ, ಬಾಗಿಲಲ್ಲಿ ನಿಂತು ದಲಾಯತ, ಅಂದರೆ ಕಚೇರಿಯ ಜವಾನ, ಕಕ್ಷಿಗಾರನ ಹೆಸರನ್ನು ಮೂರು ಸಲ ಕೂಗಬೇಕು. ಮೂರಕ್ಕೂ ಬಾರದಿದ್ದರೆ ಗೈರುಹಾಜರು. ಕೂಗಿಸಿದೆವು. ಊರಾಚೆ ಮೇಯುತ್ತಿದ್ದ ದನ ತಲೆಯೆತ್ತುವಷ್ಟು ಕೂಗಿಸಿದೆವು. ಕಿವುಡ ಮೆಟ್ಟಿಲ ಮೇಲೆಯೇ ಕುಳಿತು ರೊಟ್ಟಿ ತಿನ್ನುತ್ತಿದ್ದ. ದಲಾಯತ ಅವನ ತಲೆಯ ಮೇಲಿಂದಲೇ ಕೂಗಿದ್ದ. ‘ಮೂರು ಬಾರಿ ಕೂಗಿಸಿದಾಗ್ಯೂ ಹಾಜರಾಗಲಿಲ್ಲ’ ಎಂದು ಬರೆದೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ ಎಂದು ಅವತ್ತು ನೆಮ್ಮದಿಯಿಂದ ಮಲಗಿದೆ.

ಚನ್ನಗಿರಿಯ ಮೊಕದ್ದಮೆ ನಲ್ಲೂರಿನ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಒಂದು ಹಳ್ಳಿಯದು. ಅಲ್ಲೊಂದು ಕೆರೆ. ಸಮುದ್ರದಂಥ ಸೂಳೆಕೆರೆ ಇರುವ ತಾಲ್ಲೂಕಿನಲ್ಲಿ ತನ್ನನ್ನು ಕೆರೆ ಎಂದು ಕರೆದುಕೊಳ್ಳಲು ಅದಕ್ಕೇ ಸಂಕೋಚವಿದ್ದಿರಬೇಕು. ಆದರೂ ಎರಡು ತೂಬು, ಉದ್ದನೆಯ ಏರಿ, ಕೆಳಗೆ ಊರಿನ ಗದ್ದೆಬಯಲು ಎಲ್ಲ ಇದ್ದವು. ಮುಖ್ಯವಾಗಿ ಒಬ್ಬ ನೀರಗಂಟಿ ಇದ್ದ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವತ್ತು ಎಷ್ಟು ನೀರು ಎಂದು ಹೇಳುವುದು ಅವನ ಕೆಲಸ. ಅಪ್ಪ, ತಾತ, ಮುತ್ತಾತನಿಂದ ಬಂದದ್ದು. ಅದಕ್ಕೆ ಪ್ರತಿಯಾಗಿ ಏರಿಯ ಮಗ್ಗುಲಲ್ಲಿ ಒಂದು ತುಂಡು ಇನಾಮು ಗದ್ದೆ. ಈ ನೀರಗಂಟಿ ಹುಟ್ಟು ಕಿವುಡ. ಕಿವಿ ಇಲ್ಲದ ಮೇಲೆ ಬಾಯಿಯ ಮಾತೂ ಬರಲಿಲ್ಲ. ವಯಸ್ಸು ಐವತ್ತರ ಹತ್ತಿರ.

ಫಿರ್ಯಾದಿ ಅದೇ ಊರಿನ ದೊಡ್ಡ ಹಿಡುವಳಿದಾರ. ಊರವರು ಅವರನ್ನು ಯಜಮಾನರು ಎನ್ನುತ್ತಿದ್ದರು. ಇಡೀ ಊರಿನಲ್ಲಿ ಕೊಡೆ ಇದ್ದದ್ದು ಅವರೊಬ್ಬರಿಗೇ. ಮಳೆ ಇರಲಿ ಬಿಡಲಿ ಅದು ಅವರ ಕೈಯಲ್ಲಿರುತ್ತಿತ್ತು, ಕೋರ್ಟಿನೊಳಕ್ಕೂ ಬರುತ್ತಿತ್ತು. ಅವರ ದೂರು ಇದು: ತಮ್ಮ ಭತ್ತ ಕೊಯ್ದು ಗದ್ದೆಯಲ್ಲಿ ಒಣಗಲು ಬಿಟ್ಟಿದ್ದಾಗ, ನೀರಗಂಟಿ ಯಾವ ಮುನ್ಸೂಚನೆಯೂ ಇಲ್ಲದೆ, ಬೇಕೆಂದೇ ತೂಬು ಎತ್ತಿ ಪೈರನ್ನೆಲ್ಲ ನೆನೆಸಿದ. ಕೊನೆಯಲ್ಲಿ ಸಣ್ಣದೊಂದು ಬಿನ್ನಹವೂ ಇತ್ತು. ಕಿವುಡನಾದವನು ಈ ಕೆಲಸಕ್ಕೆ ತಕ್ಕವನಲ್ಲವಾದ್ದರಿಂದ ಅದನ್ನು ತಮ್ಮ ಕಡೆಯ, ಎರಡೂ ಕಿವಿ ಸರಿಯಾಗಿರುವ ಒಬ್ಬನಿಗೆ ಕೊಡಿಸಬೇಕು ಎಂದು.

ಮೊಕದ್ದಮೆ ಸಾಬೀತಾದರೆ ಜುಲ್ಮಾನೆ ಹೇಗೋ ತೀರುತ್ತಿತ್ತು. ಏರಿ ಮಾತ್ರ ತಪ್ಪಿಹೋಗುತ್ತಿತ್ತು. ನಾಲ್ಕು ತಲೆಮಾರಿನ ಕೆಲಸವೂ ಆ ತುಂಡು ಗದ್ದೆಯೂ ಒಟ್ಟಿಗೆ ಹೋಗುತ್ತಿದ್ದವು.

ವಿಚಾರಣೆಯ ದಿನ ನಮ್ಮ ದಲಾಯತ ತನ್ನ ಪೂರ್ಣ ವೈಭವದಲ್ಲಿದ್ದ. ಬಿಳಿ ಗಡ್ಡದ ಸಾಹೇಬರು ಅವರು. ಏಕವಚನ ಬಾಯಿತಪ್ಪಿ ಬಂತು, ಬದುಕಿದ್ದಾಗ ಅಂದಿದ್ದರೆ ಅಂದು ಮಧ್ಯಾಹ್ನ ನನಗೆ ಕುಡಿಯುವ ನೀರು ಸಿಗುತ್ತಿರಲಿಲ್ಲ. ನಾಲ್ಕು ಅಮಲ್ದಾರರನ್ನು ಪಳಗಿಸಿದ್ದ ಅವರ ದೃಷ್ಟಿಯಲ್ಲಿ ಕಾನೂನು ಎಂಬುದು ಬಂದುಹೋಗುವ ಸಂಗತಿ, ಅದಬು-ಮರ್ಯಾದೆ ಮಾತ್ರ ಶಾಶ್ವತ. ಕೋರ್ಟಿನೊಳಗೆ ಬರುವವನು ಹೆಗಲ ಮೇಲಿನ ವಲ್ಲಿಯನ್ನು ಇಳಿಸಿ ನಡುವಿಗೆ ಸುತ್ತಿಕೊಳ್ಳಬೇಕು, ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಬೇಕು, ಆಮೇಲೆ ಉಸಿರಾಡಬಹುದು. ನೀರಗಂಟಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಹೊಸ್ತಿಲಲ್ಲೇ ವಲ್ಲಿ ತೆಗೆದ, ಸೊಂಟಕ್ಕೆ ಕಟ್ಟಿದ, ಕೈ ಕಟ್ಟಿ ತಲೆ ಬಗ್ಗಿಸಿ ನಿಂತ. ಅಷ್ಟು ವಿನಯವಂತ ಆಪಾದಿತ ಆ ವರ್ಷ ನಮಗೆ ಸಿಕ್ಕಿರಲಿಲ್ಲ.

ಅಮಲ್ದಾರರು ದೂರು ಓದಿಸಿದರು. ಇದಕ್ಕೇನು ಹೇಳುತ್ತೀ ಎಂದು ಕೇಳಿದರು. ಕಿವುಡನೆಂದು ನೆನಪಿಸಿದೆ. ಅವರು ಇನ್ನೂ ಜೋರಾಗಿ ಕೇಳಿದರು. ತನ್ನನ್ನೇ ಏನೋ ಕೇಳುತ್ತಿದ್ದಾರೆಂದು ನೀರಗಂಟಿಗೆ ತಿಳಿಯಿತು. ಬಲಗೈ ಬಿಡಿಸಿಕೊಂಡು ಅರ್ಧ ಎತ್ತಿದ. ದಲಾಯತರು ಆ ಕೈಯನ್ನು ಹಿಡಿದು ಮೆಲ್ಲಗೆ ಮೊದಲಿನ ಜಾಗಕ್ಕೇ ಇಟ್ಟರು. ಇನ್ನೊಮ್ಮೆ ಎತ್ತಿದ. ಇನ್ನೊಮ್ಮೆ ಇಟ್ಟರು. ಮೂರನೆಯ ಸಲ ಅವನೇ ಎತ್ತಲಿಲ್ಲ. ನಾನು ಆ ಮೂರು ಪದ ಬರೆದು ಹೀರುಕಾಗದ ಒತ್ತಿದೆ. ಮುಂದಿನ ವಾರಕ್ಕೆ ತೀರ್ಪೆಂದು ಅಮಲ್ದಾರರು ಎದ್ದರು.

ಸಂಜೆ ನಾನು ಕಚೇರಿಯ ಜಗುಲಿ ಇಳಿಯುವಾಗ ನೀರಗಂಟಿಯ ಹೆಂಡತಿ ಮೆಟ್ಟಿಲ ಪಕ್ಕ ನಿಂತಿದ್ದಳು. ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಅವೆರಡಕ್ಕೂ ನನ್ನ ಬಳಿ ಸಿದ್ಧ ಉತ್ತರಗಳಿದ್ದವು. ಅವಳು ಕೇಳಿದ್ದು ಬೇರೆ.

“ಗುಮಾಸ್ತ್ರೇ, ನಿಮ್ಮ ಬಾಯಿಗೆ ಬಟ್ಟೆ ತುರುಕಿ, ಇವರು ಏನೂ ಹೇಳಲಿಲ್ಲ ಅಂತ ಬರಕಂಡ್ರೆ ಹೆಂಗಿರ್ತೈತ್ರಿ?”

ನಾನು ಯಾರ ಬಾಯಿಗೂ ಏನೂ ತುರುಕಿಲ್ಲವೆಂದೆ.

“ವಲ್ಲಿ ಇಳಿಸು ಅಂದ್ರಿ, ಇಳಿಸಿದ್ರು. ಕೈ ಕಟ್ಟು ಅಂದ್ರಿ, ಕಟ್ಟಿದ್ರು. ಮರ್ವಾದಿ ಇರೋ ಮನುಷ್ಯ. ಅವರ ಮಾತೆಲ್ಲ ಅದರಾಗೇ ಐತೆ, ಆ ಕೈಯಾಗೆ, ಆ ವಲ್ಲಿಯಾಗೆ. ಎರಡೂ ಕಟ್ಟಿಹಾಕಿ ಮಾತಾಡು ಅಂದ್ರೆ ಯಾತರಲ್ಲಿ ಮಾತಾಡಾಕೆ ಬರುತ್ತೆ?”

ಹಾಗೆ ಕೇಳಿ ಅವಳು ಹೊರಟುಹೋದಳು. ನಾನು ಮನೆಗೆ ಹೋಗಿ ಉಂಡೆ. ಸಾರು ಚೆನ್ನಾಗಿತ್ತೆಂದು ನೆನಪು, ರುಚಿ ನೆನಪಿಲ್ಲ. ಮಾರನೆಯ ಬೆಳಿಗ್ಗೆ ಅಮಲ್ದಾರರ ಮುಂದೆ ನಿಂತು ನಿನ್ನೆಯ ಹೇಳಿಕೆ ಸರಿಯಿಲ್ಲವೆಂದು ಅರಿಕೆ ಮಾಡಿದೆ. ಇದನ್ನು ಕರುಣೆ ಎಂದು ತಿಳಿಯಬಾರದು. ತನ್ನ ಕೈಬರಹದಲ್ಲಿ ತಪ್ಪು ದಾಖಲೆ ಉಳಿಯುವುದು ಗುಮಾಸ್ತನಾದವನಿಗೆ ಹಳಸಿದ ಅನ್ನ ತಿಂದಂತೆ, ಅಷ್ಟೆ. ಅಮಲ್ದಾರರು ಕಾನೂನಿನ ಪುಸ್ತಕ ತೆಗೆಸಿದರು. ಮಾತು ಬಾರದವನು ಸನ್ನೆಯಿಂದ ಹೇಳಿಕೆ ಕೊಡಬಹುದೆಂದು ಕಾನೂನಿನಲ್ಲೇ ಇತ್ತು. ಸನ್ನೆಯನ್ನು ಎಲ್ಲರ ಮುಂದೆ, ಕೋರ್ಟಿನಲ್ಲೇ ಮಾಡಬೇಕೆಂದೂ ಇತ್ತು. ಪುಸ್ತಕ ನಮ್ಮ ಬೀರುವಿನಲ್ಲೇ, ದಲಾಯತರ ಊಟದ ಡಬ್ಬಿಯ ಕೆಳಗಿತ್ತು. ಅಮಲ್ದಾರರು ಮತ್ತೆ ವಿಚಾರಣೆ ಇಟ್ಟರು.

ಎರಡನೆಯ ದಿನ ನೀರಗಂಟಿಯ ಕೈ ಬಿಚ್ಚಿಸಿ, ವಲ್ಲಿಯನ್ನು ಅವನ ಕೈಗೇ ಕೊಡಿಸಲಾಯಿತು. ದಲಾಯತರು ಆ ದೃಶ್ಯವನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತರು. ಆದರೆ ಹೊಸ ತೊಡಕು ಎದ್ದಿತು. ಆ ಮನುಷ್ಯನ ಭಾಷೆ ಏರಿಯ ಮೇಲೆ ನಿಂತು ಬಯಲಿನ ಕೊನೆಯ ಗದ್ದೆಯವನಿಗೂ ಕಾಣುವಂತೆ ಆಡುವ ಭಾಷೆ. ಅವನು ವಲ್ಲಿಯನ್ನು ಒಮ್ಮೆ ಬೀಸಿದ. ನನ್ನ ಮಸಿಕುಡಿಕೆ ಉರುಳಿತು. ಇನ್ನೊಮ್ಮೆ ಬೀಸಿದ, ಗೋಡೆಯ ಮೇಲಿದ್ದ ಮಹಾರಾಜರ ಪಟ ಓರೆಯಾಯಿತು. ಇಡೀ ಕೋರ್ಟು ಎದ್ದು ನಿಂತಿತು. ಪಟ ನೇರವಾಗುವವರೆಗೆ ಯಾರೂ ಕೂರಲಿಲ್ಲ. ಆಮೇಲೆ ಅವನು ಹೆದರಿ, ಎದೆಯ ಹತ್ತಿರವೇ ಬೆರಳಾಡಿಸಿದ. ಅದು ಪಿಸುಮಾತಿನಂತೆ, ಯಾರಿಗೂ ತಿಳಿಯಲಿಲ್ಲ.

ತಿಳಿದವರು ಇಬ್ಬರು ಇದ್ದರು, ಅದು ಇನ್ನೊಂದು ತೊಡಕು. ಯಜಮಾನರು ತಮ್ಮ ಪಕ್ಕದ ಗದ್ದೆಯ ಒಬ್ಬ ಒಕ್ಕಲನ್ನು ಅರ್ಥ ಹೇಳಲು ಕರೆತಂದಿದ್ದರು. ನೀರಗಂಟಿ ಎರಡು ಬೆರಳು ಅಲ್ಲಾಡಿಸಿದರೆ ಆತ, ನಾನು ಮಾಡಿದ್ದು ತಪ್ಪು, ಹೊಟ್ಟೆಕಿಚ್ಚಿನಿಂದ ಮಾಡಿದೆ, ಇನ್ನು ಮುಂದೆ ಮಾಡುವುದಿಲ್ಲ ಎಂದು ಪುಟಗಟ್ಟಲೆ ಹೇಳುತ್ತಿದ್ದ. ಹೆಂಡತಿಯನ್ನು ಕೇಳಿದರೆ ಅವಳು ಅದೇ ಎರಡು ಬೆರಳಿಗೆ, ಸಾರಿ ಸಾರಿ ಹೇಳಿದ್ದೆ ಸ್ವಾಮಿ ಎಂದು ಅರ್ಥ ಹೇಳಿದಳು. ಬೇರೆ ಯಾರನ್ನಾದರೂ ಕರೆಸೋಣವೆಂದರೆ, ಆ ಭಾಷೆ ಗೊತ್ತಿದ್ದವರೆಲ್ಲ ಆ ಕೆರೆಯ ನೀರನ್ನೇ ನಂಬಿದವರು. ನೀರು ಬೇಕಿಲ್ಲದವನಿಗೆ ಆ ಭಾಷೆ ಬಾರದು. ಭಾಷೆ ಬಂದವನಿಗೆ ನೀರು ಬೇಕು. ನ್ಯಾಯಾಂಗ ಇಂಥ ಮೂಲೆಯಲ್ಲಿ ಸಿಕ್ಕಿಕೊಂಡಾಗ ಸಾಮಾನ್ಯವಾಗಿ ಮುಂದಿನ ತಾರೀಖು ಕೊಡುತ್ತದೆ. ಅಮಲ್ದಾರರು ತಾರೀಖು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿದರು. ಊರಿನಲ್ಲಿ ದಿನವೂ ಈತ ನೀರಿನ ಮಾತು ಆಡುತ್ತಾನಲ್ಲ, ಅಲ್ಲಿ ಇವರಿವರಿಗೆ ಅರ್ಥದಲ್ಲಿ ಜಗಳ ಬರುವುದಿಲ್ಲವೇ?

ಒಕ್ಕಲು ತನಗರಿಯದೆ ನಿಜ ಹೇಳಿದ. “ಅಲ್ಲಿ ಹೆಂಗೆ ಬರುತ್ತೆ ಬುದ್ಧಿ, ಎಲ್ರೂ ನೋಡ್ತಿರ್ತಾರಲ್ಲ.”

ಮುಂದಿನ ತಾರೀಖಿಗೆ ಕೋರ್ಟು ಏರಿಗೆ ಹೋಯಿತು. ಅಮಲ್ದಾರರು ಕುದುರೆಗಾಡಿಯಲ್ಲಿ, ನಾನು ದಾಖಲೆಯ ಗಂಟಿನೊಡನೆ ಎತ್ತಿನಗಾಡಿಯಲ್ಲಿ, ದಲಾಯತರು ಕುರ್ಚಿಯನ್ನು ತಬ್ಬಿಕೊಂಡು ನನ್ನ ಹಿಂದೆ. ಏರಿಯ ಮೇಲೆ ಕುರ್ಚಿ ಇಟ್ಟು, ಈ ಕುರ್ಚಿಯಿಂದ ಬಯಲಿನ ಕೊನೆಯ ಬದುವಿನವರೆಗೆ ಇದು ಕೋರ್ಟು ಎಂದು ಅಮಲ್ದಾರರು ಸಾರಿದರು. ಬದುವಿನ ಆಚೆ ಇದ್ದ ಎಮ್ಮೆಯೊಂದು ಅಷ್ಟರಲ್ಲಿ ಒಳಕ್ಕೆ ಬಂದಿತ್ತು. ದಲಾಯತರು ಅದನ್ನು ಹೊರಗೆ ಅಟ್ಟಿ ಬಂದರು. ಅವತ್ತಿನ ದಿನದಲ್ಲಿ ಅವರಿಗೆ ತೃಪ್ತಿ ಕೊಟ್ಟ ಕೆಲಸ ಅದೊಂದೇ.

ಏರ್ಪಾಟು ಹೀಗೆ. ನೀರಗಂಟಿ ಏರಿಯ ಮೇಲೆ. ಅವನ ಹತ್ತಿರ ಅಮಲ್ದಾರರು, ಕೊಡೆ ಮಡಿಸಿ ಹಿಡಿದ ಯಜಮಾನರು. ಕೆಳಗೆ, ಮೇಲಿನ ಗದ್ದೆಗಳ ನಡುವೆ ಯಜಮಾನರ ಆ ಒಕ್ಕಲು. ಅವನ ಮಗ್ಗುಲಲ್ಲಿ ಕಾಗದ ಹಿಡಿದು ನಾನು. ದೂರದಲ್ಲಿ, ಬಯಲಿನ ಕೊನೆಗೆ, ಅಲ್ಲಿಯ ಒಬ್ಬ ರೈತ. ಅವನ ಮಗ್ಗುಲಲ್ಲಿ ಊರ ಶಾನುಭೋಗರು. ಇಬ್ಬರು ರೈತರೂ ತಾವು ಕಂಡದ್ದನ್ನು ಕಂಡಂತೆ ಮೆಲ್ಲಗೆ ಹೇಳಬೇಕು, ನಾವಿಬ್ಬರೂ ಬರೆದುಕೊಳ್ಳಬೇಕು. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟದಷ್ಟು ದೂರ. ಉಳಿದ ಊರು ಬದುಗಳ ಮೇಲೆ ಸಾಲಾಗಿ ನಿಂತಿತ್ತು. ಪ್ರಶ್ನೆ ಒಂದೇ: ನೀರು ಬಿಡುವ ಹಿಂದಿನ ಸಂಜೆ ನೀನು ಏನು ಮಾಡಿದೆಯೋ ಅದನ್ನು ಮಾಡು. ಅದನ್ನು ಅವನಿಗೆ ತಿಳಿಸುವ ಕೆಲಸ ಹೆಂಡತಿಯದು. ಉತ್ತರಕ್ಕೆ ನೆಂಟಸ್ತಿಕೆ ಅಂಟಬಹುದು, ಪ್ರಶ್ನೆಗೆ ಅಂಟುವುದಿಲ್ಲ ಎಂದು ಅಮಲ್ದಾರರು ಯಜಮಾನರ ಆಕ್ಷೇಪಣೆಯನ್ನು ತಳ್ಳಿಹಾಕಿದರು.

ಹೆಂಡತಿ ಗಂಡನ ಮುಂದೆ ನಿಂತು ಕೈಯಾಡಿಸಿದಳು. ಅವನು ತಲೆಯಾಡಿಸಿದ. ಸೊಂಟದಿಂದ ವಲ್ಲಿ ಬಿಚ್ಚಿದ. ಕೋರ್ಟಿನಲ್ಲಿ ಕಂಡಿದ್ದ ಬಗ್ಗಿದ ಮನುಷ್ಯ ಅವನೇ ಎಂದು ನನಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ವಲ್ಲಿ ಗಾಳಿಗೆ ಬಿಚ್ಚಿಕೊಂಡು ಎಡಕ್ಕೆ ಹೋಯಿತು, ತಲೆಯ ಮೇಲೆ ಸುತ್ತಿತು, ಕೆಳಗಿಳಿಯಿತು. ನನ್ನ ಮಗ್ಗುಲಿನವನು ಅಂಚೆಯಣ್ಣ ಕಾಗದ ಓದುವ ಹಾಗೆ, ಒಂದೇ ಸಮನೆ ಹೇಳುತ್ತ ಹೋದ. ಹುಟ್ಟಿದಾಗಿನಿಂದ ಓದಿದ ಭಾಷೆ. ಓದುವಾಗ ಸುಳ್ಳು ಸೇರಿಸಲು ಅವನಿಗೆ ಪುರುಸೊತ್ತಿರಲಿಲ್ಲ.

“ನಾಳೆ, ಹೊತ್ತು ಹುಟ್ಟಾಕೆ, ನೀರು. ಎರಡನೇ ತೂಬು. ಅರ್ಧ. ತಡವಾಗಿ ನಾಟಿ ಮಾಡಿದೋರಿಗೆ. ಕೊಯ್ದ ಪೈರು ಇದ್ದೋರು ಎತ್ತಿಕಳ್ರಿ.”

ನಾನು ಬರೆದೆ. ಆ ಊರಿನ ಪದ್ಧತಿಯೊಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನೀರಗಂಟಿ ಸಾರಿದ ಮೇಲೆ ಪ್ರತಿ ಗದ್ದೆಯವನೂ ತನ್ನ ವಲ್ಲಿ ಎತ್ತಿ, ಕಂಡೆ ಎಂದು ತೋರಿಸಬೇಕು. ನೀರಗಂಟಿ ಆ ಗದ್ದೆಯ ಕಡೆ ಕೈ ಚಾಚಿ, ಅವನು ಎತ್ತಿದ್ದನ್ನು ಹಾಗೆಯೇ ಎತ್ತಿ ತೋರಿಸಬೇಕು, ಇಂಥವನು ಒಪ್ಪಿದ ಎಂದು ಊರಿಗೆಲ್ಲ ತಿಳಿಯಲಿ ಎಂದು. ನಮ್ಮ ಕಚೇರಿಯಲ್ಲಿ ನೋಟೀಸು ಮುಟ್ಟಿದ್ದಕ್ಕೆ ರುಜು ಹಾಕಿಸುತ್ತೇವಲ್ಲ, ಅದೇ; ಆದರೆ ಅಲ್ಲಿ ಯಾರ ರುಜುವೂ ಕಳೆದುಹೋಗುತ್ತಿರಲಿಲ್ಲ. ನೀರಗಂಟಿ ಒಂದೊಂದೇ ಗದ್ದೆಯ ಕಡೆ ಕೈ ಚಾಚಿ ಒಂದೊಂದೇ ರುಜು ತೋರಿಸುತ್ತ ಬಂದ. ಒಬ್ಬ ಎಡಗೈಯಲ್ಲಿ ವಲ್ಲಿ ಎತ್ತುವವನು. ಒಬ್ಬ ಎರಡು ಸಲ ಎತ್ತುವವನು. ಬದುವಿನ ಮೇಲಿದ್ದವರು ತಮ್ಮ ತಮ್ಮ ಸರದಿ ಬಂದಾಗ ನಾಚಿಕೊಳ್ಳುತ್ತಿದ್ದರು.

ಆಮೇಲೆ ಅವನು ಯಜಮಾನರ ಗದ್ದೆಯ ಕಡೆ ಕೈ ಚಾಚಿದ. ವಲ್ಲಿಯನ್ನು ಸರಸರ ಸುತ್ತಿ ಕೋಲಿನಂತೆ ಮಾಡಿದ. ಹೊಟ್ಟೆ ಮುಂದೆ ತಂದ. ಗಲ್ಲ ಮೇಲೆತ್ತಿದ. ಸುತ್ತಿದ ವಲ್ಲಿಯನ್ನು ತಲೆಗಿಂತ ಎತ್ತರಕ್ಕೆ, ಎಷ್ಟು ಬೇಕೋ ಅಷ್ಟೇ, ಒಂದೇ ಸಲ ಎತ್ತಿ ಇಳಿಸಿದ.

ನನ್ನ ಮಗ್ಗುಲಿನವನು ನಕ್ಕ. “ಇದು ನಮ್ ಯಜಮಾನ್ರು ನೋಡ್ರಿ. ಅವರು ವಲ್ಲಿ ಎತ್ತಲ್ಲ, ಕೊಡೆ ಎತ್ತೋದು. ಅವತ್ತೂ ಹಿಂಗೇ ಎತ್ತಿದ್ರು, ನಾನು ಇಲ್ಲೇ ನಿಂತಿದ್ದೆ.”

ಹೇಳಿದ ಮೇಲೆ ತಾನು ಯಾರ ಕಡೆಯವನೆಂಬುದು ಅವನಿಗೆ ನೆನಪಾಯಿತು. ಅವನ ಮುಖ ನೋಡುವಂತಿತ್ತು, ಆದರೆ ನಾನು ಬರೆಯುತ್ತಿದ್ದೆ.

“ಅದನ್ನೂ ಬರಕಂಡ್ರಾ?”

ಬರೆದೆನೆಂದೆ.

“ಹೊಡೆದು ಹಾಕಾಕೆ ಬರಲ್ವೇನ್ರಿ?”

ಸರ್ಕಾರದ ಕಾಗದ ಸ್ಲೇಟಲ್ಲವೆಂದು ತಿಳಿಸಿ, ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಏರಿಯ ಮೇಲೆ ಎರಡು ಕಾಗದಗಳನ್ನೂ ಓದಿದರು. ಶಾನುಭೋಗರ ಕನ್ನಡದಲ್ಲಿ ‘ಛತ್ರಿಯನ್ನು ಎತ್ತಿ ಸಮ್ಮತಿ ಸೂಚಿಸಿದ ಬಗ್ಗೆ’ ಎಂದಿತ್ತು; ನನ್ನದರಲ್ಲಿ ಕೊಡೆ. ಬೇರೆ ವ್ಯತ್ಯಾಸವಿರಲಿಲ್ಲ. ಅಮಲ್ದಾರರು ಯಜಮಾನರ ಕೈಯನ್ನು ನೋಡಿದರು. ಬದುಗಳ ಮೇಲಿದ್ದ ಇಡೀ ಊರು ಆ ಕೊಡೆಯನ್ನೇ ನೋಡುತ್ತಿತ್ತು. ಯಜಮಾನರು ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು, ಬೆನ್ನ ಹಿಂದೆ ಇಟ್ಟುಕೊಂಡರು. ಕೊನೆಗೆ, ಅಂದು ಕೊಡೆ ಎತ್ತಿದ್ದು ಹೌದು, ಆದರೆ ಮಾರನೆಯ ನಸುಕಿಗೇ ಹೊನ್ನಾಳಿಯಲ್ಲಿ ಮದುವೆ ಇದ್ದದ್ದರಿಂದ ಆಳುಗಳಿಗೆ ಹೇಳಲು ಮರೆತದ್ದೂ ಹೌದು ಎಂದರು. ಮರೆವಿಗೆ ಬೇರೆಯವನನ್ನು ಹೊಣೆ ಮಾಡಲು ಇನಾಮು ಗದ್ದೆ ಎಷ್ಟು ದೊಡ್ಡ ಕಾರಣವೆಂದು ಅಮಲ್ದಾರರು ಕೇಳಲಿಲ್ಲ. ದೂರನ್ನು ವಜಾ ಮಾಡಿದರು. ನೀರಗಂಟಿಯ ಕೆಲಸ ಅವನಿಗೇ ಉಳಿಯಿತು.

ಹೆಂಡತಿ ಅದನ್ನು ಅವನಿಗೆ ತಿಳಿಸಿದಳು. ಅವನು ಅಮಲ್ದಾರರ ಮುಂದೆ ಬಂದ. ಹೇಳುವುದು ಬಹಳ ಇತ್ತೆಂದು ಮುಖದಲ್ಲಿ ಕಾಣುತ್ತಿತ್ತು. ವಲ್ಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಕೈ ಕಟ್ಟಿ, ತಲೆ ಬಗ್ಗಿಸಿ ನಿಂತ. ಆದ್ದರಿಂದ ಅದೇನೆಂದು ಯಾರಿಗೂ ಗೊತ್ತಾಗಲಿಲ್ಲ. ದಲಾಯತರು ಮಾತ್ರ ಮೊದಲ ಸಲ ಅವನನ್ನು ಮೆಚ್ಚುಗೆಯಿಂದ ನೋಡಿದರು.

ತೀರ್ಪಿನ ಕೊನೆಯಲ್ಲಿ ಅಮಲ್ದಾರರು ಎರಡು ಸಾಲು ಸೇರಿಸಿದ್ದರು: ಈ ಕೋರ್ಟಿನಲ್ಲಿ ಕೈಯಿಂದ ಮಾತಾಡುವವರ ಕೈ ಕಟ್ಟಿಸಬಾರದು, ಕಿವಿ ಕೇಳದವರನ್ನು ಕೂಗದೆ, ಹತ್ತಿರ ಹೋಗಿ ಹೆಗಲು ಮುಟ್ಟಿ ಕರೆಯಬೇಕು. ಇದು ನಮ್ಮ ಕಚೇರಿಯಲ್ಲಿ ‘ಕೈಬಿಚ್ಚು ಹುಕುಂ’ ಎಂದು ಪ್ರಸಿದ್ಧವಾಯಿತು. ದಲಾಯತರು ಅದನ್ನು ತಮ್ಮದೇ ರೀತಿಯಲ್ಲಿ ಜಾರಿಗೆ ತಂದರು. ಬಾಗಿಲಲ್ಲಿ ಪ್ರತಿಯೊಬ್ಬನನ್ನೂ ತಡೆದು, ನೀನು ಕಿವುಡನೇನೋ ಎಂದು ಕೇಳುವರು; ಅಲ್ಲ ಎಂದವನ ಕೈ ಕಟ್ಟಿಸುವರು; ಉತ್ತರ ಕೊಡದವನನ್ನು ಹಾಗೆಯೇ ಒಳಗೆ ಬಿಡುವರು. ನಾನು ಕಂಡ ಸರ್ಕಾರಿ ಹುಕುಮುಗಳಲ್ಲಿ ಇಷ್ಟು ನಿಖರವಾಗಿ ಪಾಲನೆಯಾದದ್ದು ಇನ್ನೊಂದಿಲ್ಲ.

ಆಮೇಲೆ ನನಗೆ ಹೊನ್ನಾಳಿಗೆ ವರ್ಗವಾಯಿತು. ಗುಮಾಸ್ತನಿಗೆ ವರ್ಗವಿದೆ, ಹುಕುಮಿಗೆ ಇಲ್ಲ. ಆದರೂ ಅದರ ನಕಲು ಒಂದು ನನ್ನ ಪೆಟ್ಟಿಗೆಯಲ್ಲಿತ್ತು. ನ್ಯಾಮತಿ ಕ್ಯಾಂಪಿನಲ್ಲಿ ಒಬ್ಬ ಕಿವುಡ ಸಾಕ್ಷಿ ಬಂದಾಗ ಅಲ್ಲಿಯ ಅಮಲ್ದಾರರ ಮುಂದೆ ಅದನ್ನು ಇಟ್ಟೆ. ಅವರು ಓದಿ, ಇದು ಯಾವ ಸೆಕ್ಷನ್ನು ಎಂದರು. ಯಾವುದೂ ಅಲ್ಲ ಎಂದೆ. ಮಡಿಸಿ ನನಗೇ ಹಿಂದಕ್ಕೆ ಕೊಟ್ಟರು. ಆದರೆ ಸಾಕ್ಷಿಯ ಕೈ ಹಿಡಿಯಹೋದ ಅಲ್ಲಿನ ದಲಾಯತನಿಗೆ, ನಾನು ನೋಡಲಿಲ್ಲವೆಂದುಕೊಂಡು, ಕಣ್ಣಿನಲ್ಲೇ ‘ಬಿಡು’ ಎಂದರು.

ಯುದ್ಧದ ವರ್ಷಗಳಲ್ಲಿ ಸರ್ಕಾರಕ್ಕೆ ರೈತರಿಂದ ಭತ್ತ ವಸೂಲು ಮಾಡುವ ಲೆವಿ ಕೆಲಸಕ್ಕೆಂದು ನನ್ನನ್ನು ಮತ್ತೆ ಚನ್ನಗಿರಿಗೆ ಹಾಕಿದರು. ಒಂದು ಸಂಜೆ ಕತ್ತಲಗೆರೆಯ ಕಡೆಯಿಂದ ಬರುವಾಗ, ಬಳಸುದಾರಿಯಾದರೂ, ಆ ಏರಿಯ ಮೇಲೆ ನಡೆದೆ. ನೀರಗಂಟಿ ಇದ್ದ, ತಲೆ ಪೂರಾ ಬೆಳ್ಳಗಾಗಿತ್ತು. ವಲ್ಲಿ ಬೀಸಿ ಬಯಲಿಗೆ ಏನೋ ಹೇಳುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಹುಲ್ಲು ಕಟ್ಟುತ್ತಿದ್ದಳು. ನಾನು ಹತ್ತು ಮಾರು ದೂರ ಬಂದಾಗ ಅವನು ನನ್ನನ್ನು ಕಂಡ. ಗುರುತು ಹಿಡಿದ. ಬೀಸುತ್ತಿದ್ದ ವಲ್ಲಿಯನ್ನು ಅರ್ಧಕ್ಕೇ ನಿಲ್ಲಿಸಿ, ಸೊಂಟಕ್ಕೆ ಕಟ್ಟಿ, ಕೈ ಕಟ್ಟಿ ನಿಂತ.

ನಾನು ಬೇಡವೆಂದು ಕೈಯಾಡಿಸಿದೆ. ಆ ಭಾಷೆಯಲ್ಲಿ ಅದಕ್ಕೆ ಏನರ್ಥವೋ, ಅವನು ಇನ್ನಷ್ಟು ಬಗ್ಗಿದ. ಕೆಳಗೆ ಬಯಲಿನಲ್ಲಿ ಗದ್ದಲ ಎದ್ದಿತು. ಯಾವ ತೂಬು, ಎಷ್ಟು ಎಂಬುದು ಅರ್ಧಕ್ಕೇ ನಿಂತಿತ್ತು. ಕಂಡೆ ಎಂದು ಎತ್ತಬೇಕಿದ್ದ ವಲ್ಲಿಗಳು ಕೈಯಲ್ಲೇ ಉಳಿದಿದ್ದವು. ಏರಿಯ ಮೇಲೆ ಬಂದವನು ಯಾವನೋ, ಅವನಿಗೆ ಬುದ್ಧಿ ಇಲ್ಲವೋ ಎಂದು ಜನ ಕೂಗುತ್ತಿದ್ದರು.

ಹೆಂಡತಿ ಹುಲ್ಲಿನ ಹೊರೆಯಿಂದ ತಲೆ ಎತ್ತಿದಳು. “ಗುಮಾಸ್ತ್ರೇ, ನೀವು ಸ್ವಲ್ಪ ಆ ಕಡೀಗೆ ಇಳೀರಿ. ಅವರು ಮಾತು ಮುಗಿಸ್ಲಿ.”

ನಾನು ಕೆರೆಯ ಕಡೆಯ ಇಳಿಜಾರಿನಲ್ಲಿ, ರುಮಾಲಿನ ತುದಿಯೂ ಕಾಣದಷ್ಟು ಕೆಳಗೆ ಇಳಿದು, ಒಂದು ಕಲ್ಲಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಬಯಲಿನ ಕೂಗು ನಿಂತಿತು.